ಮಾತು ಎತ್ತಿಕೊಡುವವನು ಸುಮ್ಮನಿರಲು ಕಲಿತದ್ದು

ಪಿಸುಮಾತಣ್ಣ ತೀರಿಕೊಂಡ. ಹೋದ ವಾರ, ಬೆಳಗಿನ ಹೊತ್ತು, ಮಗಳ ಮನೆಯ ಅಡುಗೆಕೋಣೆಯಲ್ಲಿ, ಕುರ್ಚಿಯ ಮೇಲೆ ಕೂತ ಹಾಗೆಯೇ. ಹೃದಯ ನಿಂತಿತು ಎಂದು ಡಾಕ್ಟರಮ್ಮ ಹೇಳಿದರು.

ಸುದ್ದಿ ನಾಟಕಶಾಲೆಗೆ ಮುಟ್ಟಿದಾಗ ಅಲ್ಲಿದ್ದ ನಾವು ಮೊದಲು ಕೇಳಿದ್ದು ಹೇಗೆ ಹೋದ ಎಂದಲ್ಲ. "ಎಲ್ಲಿ? ಮಗಳ ಮನೇಲಾ?" ಎಂದು. ಒಂದೇ ಊರಿನಲ್ಲಿದ್ದೂ ಬಹಳ ಕಾಲ ಅಪ್ಪನ ಮನೆಯ ಮೆಟ್ಟಿಲು ಹತ್ತದೆ ಉಳಿದ ಮಗಳು ಅವಳು. ಆ ಅಡುಗೆಕೋಣೆಯ ಕುರ್ಚಿಯವರೆಗೆ ಅವನು ಹೇಗೆ ಹೋಗಿ ತಲುಪಿದ ಎನ್ನುವುದನ್ನು ಯಾರಾದರೂ ಹೇಳಬೇಕು. ತನ್ನ ಬಗ್ಗೆ ಅವನೇ ಹೇಳಿಕೊಂಡವನಲ್ಲ; ಅವನ ಬಾಯಿಂದ ಬಂದದ್ದೆಲ್ಲ ಬೇರೆಯವರ ಮಾತೇ.

ಅವನ ಕೆಲಸವೇ ಅದು. ನಾಟಕ ಮಂಡಳಿಯಲ್ಲಿ ಮಾತು ಎತ್ತಿಕೊಡುವುದು. ರಂಗದ ಎಡಮಗ್ಗುಲಲ್ಲಿ ಪರದೆಯ ಮರೆಗೆ ಒಂದು ಸ್ಟೂಲು, ತಲೆಯ ಮೇಲೆ ಕರಿಬಟ್ಟೆ ಸುತ್ತಿದ ಪುಟ್ಟ ಬಲ್ಬು, ತೊಡೆಯ ಮೇಲೆ ನಾಟಕದ ಪ್ರತಿ. ನಟ ಮಾತು ಮರೆತು ತಡವರಿಸಿದ ತಕ್ಷಣ ಮುಂದಿನದನ್ನು ಪಿಸುಗುಟ್ಟಬೇಕು. ಕೇಳಿದಷ್ಟು ಸುಲಭದ್ದಲ್ಲ. ಆ ಪಿಸುಮಾತು ನಟನ ಕಿವಿಗೆ ಬೀಳಬೇಕು, ಮೊದಲ ಸಾಲಿನ ಪ್ರೇಕ್ಷಕನ ಕಿವಿಗೆ ಬೀಳಬಾರದು. ಇಡೀ ವಾಕ್ಯ ಹೇಳಿದರೆ ನಟ ಗಲಿಬಿಲಿಯಾಗುತ್ತಾನೆ. ತುದಿ ಹಿಡಿಸಿದರೆ ಸಾಕು, ಉಳಿದದ್ದನ್ನು ಅವನೇ ಎಳೆದುಕೊಳ್ಳುತ್ತಾನೆ. ಒಂದು ಗಳಿಗೆ ತಡವಾದರೆ ಸಭೆ ಕೆಮ್ಮಲು ಶುರುಮಾಡುತ್ತದೆ. ಅಣ್ಣ ಇದ್ದಷ್ಟು ಕಾಲ ಆ ನಾಟಕಶಾಲೆಯಲ್ಲಿ ಯಾರೂ ಕೆಮ್ಮಿದ್ದಿಲ್ಲ, ಒಂದು ಸಲದ ಹೊರತು. ಆ ಒಂದು ಸಲದ ಸಂಗತಿ ಮುಂದೆ ಬರುತ್ತದೆ.

ಕಷ್ಟ ಏನೆಂದರೆ ಕೆಲಸ ಮುಗಿದ ಮೇಲೆ ಅವನು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದ, ಕಸುಬು ಕೂಡ ಅವನ ಬೆನ್ನಿಗೇ ಹೊರಡುತ್ತಿತ್ತು. ಯಾರಾದರೂ ಮಾತಿನ ನಡುವೆ ತುಸು ನಿಂತರೆ ಸಾಕು, ಅವನ ನಾಲಿಗೆ ಮುಂದಕ್ಕೆ ಜಿಗಿಯುತ್ತಿತ್ತು. ಅಂಗಡಿಯವನು "ನಿನ್ನೆಯಿಂದ ನನಗೆ…" ಎಂದರೆ ಅಣ್ಣ "ನೆಗಡಿ" ಎನ್ನುತ್ತಿದ್ದ, ಮದ್ದನ್ನೂ ಹೇಳುತ್ತಿದ್ದ. ಆತ ಹೇಳಹೊರಟದ್ದು ನಿನ್ನೆಯಿಂದ ಮೊಮ್ಮಗಳು ಬಂದಿದ್ದಾಳೆ ಎಂದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಕಂಡಿದ್ದೇವೆ. ಇವನು ಎತ್ತು ಎನ್ನುವಷ್ಟರಲ್ಲೇ ಹಗ್ಗ ಹಿಡಿದು ನಿಲ್ಲುವವನು. ಕೆಟ್ಟ ಬುದ್ಧಿಯಿಂದಲ್ಲ. ತಡವರಿಸುವವರನ್ನು ಕಂಡರೆ ಅವನಿಗೆ ಮುಳುಗುವವರನ್ನು ಕಂಡ ಹಾಗಾಗುತ್ತಿತ್ತು.

ಹೆಂಡತಿ ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳು. ಅಲ್ಲಿ ಒಂದೊಂದು ಮಗು ಒಂದು ವಾಕ್ಯ ಮುಗಿಸಲು ತೆಗೆದುಕೊಳ್ಳುವ ಹೊತ್ತಿನಲ್ಲಿ ಅನ್ನ ಬೆಂದು ಆರುತ್ತದೆ, ಅವಳು ಕಾಯುತ್ತಿದ್ದಳು. ಮನೆಗೆ ಬಂದರೆ ಅವಳ ಅರ್ಧ ವಾಕ್ಯಕ್ಕೆ ಗಂಡನ ಅರ್ಧ ಸಿದ್ಧವಾಗಿರುತ್ತಿತ್ತು. ಮೊದಮೊದಲು ಜಗಳವಾಡಿದಳು, ಆಮೇಲೆ ನಕ್ಕಳು, ಕಡೆಗೆ ಅರ್ಧಕ್ಕೇ ನಿಲ್ಲಿಸುವುದನ್ನು ರೂಢಿ ಮಾಡಿಕೊಂಡಳು.

ಮಗಳು ಹಾಗಲ್ಲ. ಅವಳು ಊರಿನ ನೀರು ಸರಬರಾಜು ಕಚೇರಿಯಲ್ಲಿ ದೂರಿನ ಫೋನು ಎತ್ತುವವಳು; ಬೆಳಗಿನಿಂದ ಸಂಜೆವರೆಗೆ ಕಂಡವರ ಕೊಳಾಯಿಯ ಸಂಕಟ ಕೇಳಬೇಕು. ಮದುವೆಯಾಗಿ ಬೇರೆ ಬಡಾವಣೆಯಲ್ಲಿದ್ದಳು. ಒಂದು ಭಾನುವಾರ ಒಬ್ಬಳೇ ಬಂದು ಅಪ್ಪನ ಎದುರು ಕೂತು, "ಅಪ್ಪ, ನಾನೊಂದು ತೀರ್ಮಾನ ಮಾಡಿದೀನಿ," ಎಂದು ಮಾತು ನಿಲ್ಲಿಸಿದಳು. ಅಂಗಿಗೆ ಗುಂಡಿ ಹಾಕಿಕೊಳ್ಳುತ್ತಿದ್ದ ಅಣ್ಣ ತಲೆಯೆತ್ತದೆ, "ಕೆಲಸ ಬದಲಾಯಿಸ್ತೀಯ ಅಲ್ವಾ? ನಾನೇ ಹೇಳೋಣ ಅಂತಿದ್ದೆ," ಎಂದ. ಆಮೇಲೆ ಕೆಲಸ ಬದಲಾಯಿಸುವುದರ ಲಾಭ, ನಷ್ಟ, ಯಾವ ಕಚೇರಿ ಒಳ್ಳೆಯದು, ಮೇಲಿನವರ ಹತ್ತಿರ ಹೇಗೆ ಮಾತಾಡಬೇಕು ಎಲ್ಲವನ್ನೂ ಹೇಳಿ ನಾಟಕಶಾಲೆಗೆ ಹೊತ್ತಾಯಿತೆಂದು ಎದ್ದ. ಮಗಳು ಕಾಫಿ ಮುಗಿಸಿ, ಲೋಟ ತೊಳೆದಿಟ್ಟು, ಹೋದಳು. ಅದಾದ ಮೇಲೆ ಬರಲಿಲ್ಲ. ತಾಯಿಗೆ ಶಿಶುವಿಹಾರಕ್ಕೇ ಫೋನು ಮಾಡುತ್ತಿದ್ದಳು. ಅಣ್ಣ ಮನೆಯಲ್ಲಿ ಫೋನಿನ ಎದುರು ಕೂತು, ಹೊಸ ಕೆಲಸದಲ್ಲಿ ಬಿಡುವಿಲ್ಲವೇನೋ ಎಂದುಕೊಳ್ಳುತ್ತಿದ್ದ.

ಹೀಗೇ ಇದ್ದುಬಿಡುತ್ತಿದ್ದನೋ ಏನೋ. ಆದರೆ ಹೆಂಡತಿಗೆ ಎದೆ ಬಡಿತ ಜೋರಾಗಿ, ಇಬ್ಬರೂ ಡಾಕ್ಟರಮ್ಮನ ಹತ್ತಿರ ಹೋದರು. ಎದೆ ಹೇಗನ್ನಿಸುತ್ತದೆ ಎಂದು ಡಾಕ್ಟರಮ್ಮ ಕೇಳಿದರೆ ಹೆಂಡತಿ "ಅದು, ಒಂಥರಾ…" ಎಂದಳು. ಅಣ್ಣ "ಭಾರ" ಎಂದ. ಯಾವಾಗ ಎಂದರೆ "ಹೆಚ್ಚಾಗಿ…" ಎಂದಳು. "ಮೆಟ್ಟಿಲು ಹತ್ತಿದಾಗ" ಎಂದ. ನಿದ್ದೆ ಬರುತ್ತದೆಯೇ ಎಂದು ಕೇಳಿದ್ದಕ್ಕೆ ಅವಳು ಬಾಯಿ ತೆರೆಯುವ ಮೊದಲೇ, ಕಲ್ಲುಬಂಡೆಯ ಹಾಗೆ ಮಲಗುತ್ತಾಳೆ ಎಂದು ವರದಿ ಒಪ್ಪಿಸಿದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಪೇಷೆಂಟ್ ಯಾರು?"

"ಇವಳು."

"ಹಾಗಾದ್ರೆ ನೀವು ಹೊರಗೆ ಕೂತಿರಿ."

ಹೊರಗಿನ ಬೆಂಚಿನ ಮೇಲೆ, ಕೈ ತೊಳೆಯುವ ಕ್ರಮದ ಚಿತ್ರಪಟದ ಕೆಳಗೆ, ಅಣ್ಣ ಕೂತ. ಮಾತು ನಡೆಯುವ ಕೋಣೆಯಿಂದ ಅವನನ್ನು ಯಾರೂ ಆಚೆ ಕಳಿಸಿದ್ದೇ ಇಲ್ಲ. ಬಾಗಿಲಿನ ಆಚೆ ಹೆಂಡತಿಯ ದನಿ ಕೇಳುತ್ತಿತ್ತು. ಶಬ್ದ ತಿಳಿಯುತ್ತಿರಲಿಲ್ಲ, ಓಟ ಮಾತ್ರ ತಿಳಿಯುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ಹೊರಡುತ್ತಿತ್ತು, ಒಂದು ಕಡೆ ನಕ್ಕಿತು, ಮತ್ತೆ ಹೊರಟಿತು. ಇಷ್ಟು ವರ್ಷದ ಸಂಸಾರದಲ್ಲಿ ಆ ದನಿ ಇಷ್ಟು ದೂರ ನಡೆದದ್ದನ್ನು ಅವನು ಕೇಳಿರಲಿಲ್ಲ. ಏನು ಹೇಳುತ್ತಿದ್ದಾಳೆ? ಮೊದಲು ಅವಮಾನ ಎನ್ನಿಸಿದ್ದು ನಿಧಾನವಾಗಿ ಬೇರೆಯೇ ಆಯಿತು. ಅವನಿಗೆ ತಿಳಿಯಬೇಕಾಗಿತ್ತು. ಹಸಿವಿನ ಹಾಗೆ ಬೇಕಾಗಿತ್ತು.

ಮತ್ತೆ ಒಳಗೆ ಕರೆದಾಗ ಡಾಕ್ಟರಮ್ಮ ಹೇಳಿದ್ದು ಇಷ್ಟು. ಹೃದಯಕ್ಕೆ ಏನೂ ಆಗಿಲ್ಲ. ಆದರೆ ಈಕೆಗೆ ತಿಂಗಳುಗಟ್ಟಲೆಯಿಂದ ನಿದ್ದೆ ಇಲ್ಲ; ಕಣ್ಣುಮುಚ್ಚಿಕೊಂಡು ಬಿದ್ದಿರುತ್ತಾರೆ, ಕಲ್ಲುಬಂಡೆಗೆ ಅದೇ ಕಾರಣ. ಮನಸ್ಸಿನಲ್ಲಿ ಒಂದು ಚಿಂತೆ ಇದೆ. ಹೇಗೂ ಬಂದಿದ್ದಾನಲ್ಲ ಎಂದು ಅಣ್ಣನ ತೋಳಿಗೂ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು, ಹುಬ್ಬು ಏರಿಸಿದರು. ಇಬ್ಬರೂ ಬೆಳಿಗ್ಗೆ ಒಟ್ಟಿಗೆ ನಡೆಯಬೇಕು, ಉಪ್ಪು ಕಡಿಮೆ ಮಾಡಬೇಕು, ಊಟ ನಾಟಕಕ್ಕೆ ಮೊದಲೇ ಆಗಬೇಕು. ಅಣ್ಣನಿಗೆ ಇನ್ನೊಂದು. ಎದುರಿನವರು ಮಾತು ನಿಲ್ಲಿಸಿದಾಗ ಒಂದು ಉಸಿರು ಪೂರ್ತಿ ಒಳಗೆ ಎಳೆದು, ಪೂರ್ತಿ ಹೊರಗೆ ಬಿಡಬೇಕು. ಅಷ್ಟಾದ ಮೇಲೂ ಬೇಕೆನ್ನಿಸಿದರೆ ಮಾತಾಡಬಹುದು.

"ಇದು ಬೀಪಿಗಾ, ಬಾಯಿಗಾ?" ಎಂದು ಅಣ್ಣ ಕೇಳಿದ.

"ಎರಡಕ್ಕೂ ಒಂದೇ ಮಾತ್ರೆ," ಎಂದರು ಡಾಕ್ಟರಮ್ಮ.

ಬಸ್ಸಿಗೆ ಕಾಯುತ್ತಾ ಅಣ್ಣ ಹೆಂಡತಿಯ ಬೆನ್ನುಬಿದ್ದ. ಏನು ಚಿಂತೆ, ಏನು ಹೇಳಿದೆ ಒಳಗೆ? ಮಗಳ ವಿಷಯ ಎಂದಳು. ಕೂಡಲೇ ಇವನ ಸಾಲು ಶುರುವಾಯಿತು: ಕೆಲಸ ಹೋಯಿತೇ, ಕಾಯಿಲೆಯೇ, ಗಂಡನಿಗೆ ಏನಾದರೂ ಆಯಿತೇ, ಸಾಲವೇ. ಅವಳು ಬಸ್ಸಿನ ದಾರಿ ನೋಡುತ್ತಾ ನಿಂತಳು, ಅವನ ಸರಕು ಮುಗಿಯುವವರೆಗೆ.

"ಅವಳು ನಿಮಗೊಂದು ಮಾತು ಹೇಳ್ಬೇಕು ಅಂತ ಕಾಯ್ತಿದಾಳೆ," ಎಂದಳು ಕಡೆಗೆ. "ಅದು ಅವಳದ್ದು, ನಾನು ಹೇಳೋದಲ್ಲ. ನೀವು ಕೇಳೋದು ಕಲಿತ ದಿನ ಅವಳೇ ಹೇಳ್ತಾಳೆ. ಕಲೀದೇ ಇದ್ರೆ ಹೇಳೋದೇ ಇಲ್ಲ. ನನಗಿರೋ ಚಿಂತೆ ಅದೇ."

ಇನ್ನೊಬ್ಬನಾಗಿದ್ದರೆ ಸಿಟ್ಟು ಮಾಡಿಕೊಳ್ಳುತ್ತಿದ್ದ. ಅಣ್ಣ ಕಸುಬಿನವನು. ನಾಟಕದ ಪ್ರತಿಯಲ್ಲಿ ಒಂದು ಹಾಳೆ ಇಲ್ಲವೆಂದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಈಗ ತನ್ನದೇ ಮನೆಯ ನಾಟಕದಲ್ಲಿ ಒಂದು ಹಾಳೆ ಇಲ್ಲ, ಅದು ಬೇರೆಲ್ಲರ ಕೈಯಲ್ಲಿದೆ, ಡಾಕ್ಟರಮ್ಮನಿಗೂ ಗೊತ್ತು, ತನಗೆ ಮಾತ್ರ ಗೊತ್ತಿಲ್ಲ. ಮಗಳು ತನ್ನಿಂದ ಶಾಶ್ವತವಾಗಿ ದೂರವಾಗಿಬಿಟ್ಟರೆ ಎನ್ನುವ ಭಯವೂ ಅಲ್ಲೇ, ಬಸ್ಸಿನ ನಿಲ್ದಾಣದಲ್ಲೇ, ಮೊದಲ ಸಲ ಅವನನ್ನು ಮುಟ್ಟಿತು.

ಕಲಿಯುವುದಕ್ಕೆ ಅವನಿಗೆ ಗೊತ್ತಿದ್ದ ದಾರಿ ಒಂದೇ. ಒಳ್ಳೆಯ ಅಭ್ಯಾಸಗಳನ್ನು ಬೆಳೆಸಿಕೊಳ್ಳುವುದು ಹೇಗೆ ಎಂದು ತಿಳಿಸುವ ದಪ್ಪ ಪುಸ್ತಕವೊಂದನ್ನು ಪಾದಚಾರಿ ದಾರಿಯ ಅಂಗಡಿಯಿಂದ ತಂದ. ಒಂದೇ ವಾರದಲ್ಲಿ ಇಡೀ ಪುಸ್ತಕ ಬಾಯಿಪಾಠವಾಯಿತು, ಪುಟದ ಸಂಖ್ಯೆ ಸಮೇತ. ತಾಳ್ಮೆಯ ಅಧ್ಯಾಯ ಅವನ ನಾಲಿಗೆಯ ತುದಿಯಲ್ಲಿತ್ತು. ಹೆಂಡತಿ ತಾಳ್ಮೆ ಕಳೆದುಕೊಂಡಾಗಲೆಲ್ಲ ಅದರಿಂದ ಎತ್ತಿಕೊಡುತ್ತಿದ್ದ. 'ಇತರರ ಮಾತನ್ನು ಕೊನೆಯವರೆಗೆ ಆಲಿಸಿ' ಎಂಬ ವಾಕ್ಯವನ್ನು ಅಂಗಡಿಯವನ ಮಾತಿನ ನಡುವೆ ಬಾಯಿಹಾಕಿ ಹೇಳಿದ. ಅದನ್ನು ಕೇಳಿ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕು ನಕ್ಕು ಗೋಡೆಗೆ ಒರಗಿದಳಂತೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ಸುಮ್ಮನೆ ಹೇಳಿದ್ದಲ್ಲ ಎಂದಳು. ಅಣ್ಣನಿಗೂ ನಗು ಬಂತು. ಪುಸ್ತಕವನ್ನು ಕಾಲು ಕುಂಟುತ್ತಿದ್ದ ಮೇಜಿನ ಕೆಳಗೆ ಒತ್ತಾಗಿ ಕೊಟ್ಟ. ಅಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತು.

ಉಳಿದದ್ದು ಡಾಕ್ಟರಮ್ಮನ ಉಸಿರು. ಬೆಳಿಗ್ಗೆ ಇಬ್ಬರೂ ಬಸ್ಸಿನ ಡಿಪೋ ದಾಟಿ, ಆಟದ ಮೈದಾನದ ಸುತ್ತ ನಡೆಯುತ್ತಿದ್ದರು. ಅಣ್ಣ ಯಾವತ್ತೂ ಆ ಹೊತ್ತಿನ ಬೀದಿ ನೋಡಿದವನಲ್ಲ. ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿ ತೊಳೆಯುವುದು, ಬೇಕರಿಯ ಹಿಂಬಾಗಿಲಿನ ಬಿಸಿ ವಾಸನೆ, ನಾಯಿಗಳು ತಮ್ಮ ಯಜಮಾನರನ್ನು ಎಳೆದುಕೊಂಡು ಹೋಗುವುದು, ಎಲ್ಲ ಅವನಿಗೆ ಹೊಸದು. ನಡೆಯುವಾಗ ಹೆಂಡತಿ ಏನಾದರೂ ಮಾತು ಶುರುಮಾಡುವಳು, ನಿಲ್ಲಿಸುವಳು. ಅಣ್ಣನ ಗಂಟಲಿನಲ್ಲಿ ಮುಂದಿನ ಶಬ್ದ ಬಂದು ಕೂರುವುದು. ಅದರ ಮೇಲೆ ಉಸಿರು ಎಳೆದು ಕೂರಿಸುವನು. ಎಷ್ಟೋ ಸಲ ಉಸಿರಿನ ಜೊತೆಗೇ ಶಬ್ದ ಹೊರಗೆ ಬೀಳುವುದು. ಅವಳು ಸುಮ್ಮನೆ ಮುಂದೆ ನಡೆಯುವಳು.

ಒಂದು ಬೆಳಿಗ್ಗೆ ಅವಳು, "ಈ ಸಲ ರಜದಲ್ಲಿ ಎಲ್ಲಿಗಾದ್ರೂ ಹೋಗ್ಬೇಕು ಅನ್ಸುತ್ತೆ," ಎಂದು ನಿಲ್ಲಿಸಿದಳು. ಈ ವಾಕ್ಯವನ್ನು ಅಣ್ಣ ಪ್ರತಿ ವರ್ಷ ಮುಗಿಸಿದ್ದ: ನಿಮ್ಮ ಅಕ್ಕನ ಮನೆಗೆ. ಪ್ರತಿ ವರ್ಷ ಟಿಕೆಟನ್ನೂ ತಂದಿದ್ದ. ಈ ಸಲ ಉಸಿರು ಎಳೆದ, ಬಿಟ್ಟ. ಒಂದು ಬಸ್ಸು ಹಾದುಹೋಯಿತು.

"ಅಕ್ಕನ ಮನೆ ಬಿಟ್ಟು," ಎಂದಳು ಹೆಂಡತಿ.

ಅಣ್ಣ ದಾರಿಯಲ್ಲೇ ನಿಂತುಬಿಟ್ಟ. ಅವಳಿಗೆ ಅಕ್ಕನ ಮನೆ ಯಾವತ್ತೂ ಹಿಡಿಸಿರಲಿಲ್ಲ. ಅಕ್ಕ ಒಂದು ದಿನ ಚೆನ್ನಾಗಿರುತ್ತಾಳೆ, ಎರಡನೆಯ ದಿನದಿಂದ ಚುಚ್ಚುತ್ತಾಳೆ. ಅವಳಿಗೆ ಬೇಕಾದದ್ದು ಯಾರ ಪರಿಚಯವೂ ಇಲ್ಲದ, ಅಡುಗೆ ಬೇರೆಯವರು ಮಾಡುವ, ನೀರಿನ ಬದಿಯ ಯಾವುದಾದರೂ ಊರು. ಹಾಗಾದರೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಹೊರಟ, ಉತ್ತರ ತಾನೇ ಎಂದು ಹೊಳೆದು ಬಾಯಿ ಮುಚ್ಚಿದ. ಅವತ್ತು ನಾಟಕಶಾಲೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಇದನ್ನೇ ಹೇಳಿದ, ಹೊಸ ದೇಶ ಕಂಡುಬಂದವನ ಹಾಗೆ. ನಾವು ಕೇಳುವುದು ಅರ್ಧ ಮಾತ್ರ, ಉಳಿದದ್ದು ನಮ್ಮದೇ ತಲೆಯ ಸರಕು ಎಂದು ಅವನ ಸಿದ್ಧಾಂತ. ಹೊಟ್ಟೆ ತುಂಬ ಉಪ್ಪಿಲ್ಲದ ಊಟ, ತಲೆ ತುಂಬ ಹೊಸ ಪ್ರಶ್ನೆ. ಅಷ್ಟು ಹುರುಪಿನಲ್ಲಿ ಅವನನ್ನು ಯಾರೂ ಕಂಡಿರಲಿಲ್ಲ.

ಆ ಹುರುಪಿಗೆ ಬೆಲೆ ತೆತ್ತವನು ದೊರೆ. ಮಂಡಳಿಯ ನಾಯಕನಟ ಅವನು. ರಾಜನ ಪಾತ್ರ ಮಾಡಿ ಮಾಡಿ ಹೆಸರೇ ಹಾಗಾಗಿತ್ತು. ಆ ಸಂಜೆಯ ಆಟದಲ್ಲಿ ದೊರೆ ಮಂತ್ರಿಯ ಕಡೆ ತಿರುಗಿ, "ನನ್ನ ಮಗ…" ಎಂದು ನಿಂತ. ಪರದೆಯ ಮರೆಯಲ್ಲಿ ಅಣ್ಣ ಉಸಿರು ಎಳೆದುಕೊಂಡ. ಕೈಗೆ ಹತ್ತಿದ ಅಭ್ಯಾಸ ನೋಡಿ, ಎಲ್ಲಿ ಬೇಕು ಎಲ್ಲಿ ಬೇಡ ಎಂದು ಅದಕ್ಕೇನು ಗೊತ್ತು. ಪೂರ್ತಿ ಎಳೆದ, ಪೂರ್ತಿ ಬಿಟ್ಟ. ಸಭೆಯಲ್ಲಿ ಒಬ್ಬ ಕೆಮ್ಮಿದ. ಇನ್ನೊಬ್ಬ ಕೆಮ್ಮಿದ. ದೊರೆಗೆ ದಿಕ್ಕು ತಪ್ಪಿ, ತಲೆಯಲ್ಲಿ ಉಳಿದಿದ್ದ ಒಂದೇ ಮಾತನ್ನು ಹೇಳಿಬಿಟ್ಟ: "ಇನ್ನು ನನಗೆ ಯಾವ ಆಸೆಯೂ ಉಳಿದಿಲ್ಲ." ಅದು ಕೊನೆಯ ಅಂಕದ ಮಾತು. ಆ ಮಾತಾದ ಮೇಲೆ ದೊರೆ ಬಿದ್ದು ಸಾಯಬೇಕು. ಮೈಗೆ ಗೊತ್ತಿದ್ದದ್ದನ್ನು ಮೈ ಮಾಡಿತು. ಎದೆ ಹಿಡಿದುಕೊಂಡು ಬಿದ್ದು ಸತ್ತ. ಅವನನ್ನು ಕೊಲ್ಲಬೇಕಿದ್ದ ವೈರಿ ಒಳಗೆ ಇನ್ನೂ ಮೀಸೆ ಅಂಟಿಸಿಕೊಳ್ಳುತ್ತಿದ್ದ. ರಾಣಿ ಅರ್ಧ ಹೆಣೆದ ಜಡೆಯಲ್ಲಿ ಓಡಿಬಂದು, ಬೇರೇನೂ ತೋಚದೆ ಅತ್ತಳು. ಪರದೆ ಇಳಿಸಿದರು.

ಮಂಡಳಿಯ ಯಜಮಾನರ ಬೈಗುಳ ಮುಗಿದ ಮೇಲೆ ದೊರೆ ಕಟ್ಟುಗೂದಲಿನ ಟೋಪನ್ನು ಕಂಕುಳಲ್ಲಿಟ್ಟುಕೊಂಡು ಬಂದ.

"ಅಲ್ಲಯ್ಯಾ, ನಾನು ಅಲ್ಲಿ ಒದ್ದಾಡ್ತಿದ್ರೆ ನೀನು ಗಾಳಿ ಸೇವನೆ ಮಾಡ್ತಿದ್ಯಾ?"

"ಮಾತು ಬರುತ್ತೇನೋ ಅಂತ ಕಾದೆ."

"ನನಗೆಲ್ಲಿಂದ ಬರುತ್ತೆ? ಇರೋದೆಲ್ಲ ನಿನ್ನ ತೊಡೆ ಮೇಲೆ." ದೊರೆ ಸ್ಟೂಲಿನ ಪಕ್ಕ ನೆಲಕ್ಕೇ ಕೂತ. ಸಿಟ್ಟು ಇಳಿಯುತ್ತಾ ಬಂದಿತ್ತು. "ನಾನು ಮರೆತಾಗ ನಿನ್ನ ಕಡೆ ನೋಡ್ತೀನಿ, ಗೊತ್ತಾ? ಯಾವಾಗಲೂ ನೋಡ್ತೀನಿ. ನೀನು ಒಂದ್ಸಲನಾದ್ರೂ ತಲೆ ಎತ್ತಿದ್ರೆ ತಾನೇ ಗೊತ್ತಾಗೋದು. ನನಗೆ ಕಾಣೋದು ನಿನ್ನ ನೆತ್ತಿ. ಅದು ಬೋಳಾಗಿದ್ದನ್ನ ನಿನಗಿಂತ ಮೊದಲು ಕಂಡವನು ನಾನು."

ಅದು ನಿಜ. ಅಣ್ಣ ಕಿವಿಯಿಂದ ಕೆಲಸ ಮಾಡುವವನು. ಕಣ್ಣು ಯಾವಾಗಲೂ ಹಾಳೆಯ ಮೇಲೆ. ನಟ ಬೇಕೆಂದೇ ನಿಂತನೋ, ಮರೆತು ನಿಂತನೋ ಎಂದು ಹಾಳೆ ನೋಡಿ ತಿಳಿದುಕೊಳ್ಳುತ್ತಿದ್ದ, ಮುಖ ನೋಡಿ ಅಲ್ಲ. ಮನೆಯಲ್ಲಿ ಹಾಳೆ ಇರಲಿಲ್ಲ, ಆದರೂ ತಲೆ ತಗ್ಗಿಯೇ ಇತ್ತು: ಪೇಪರಿಗೆ, ತಟ್ಟೆಗೆ, ಅಂಗಿಯ ಗುಂಡಿಗೆ. ಮಗಳು ಆ ಭಾನುವಾರ ಮಾತು ನಿಲ್ಲಿಸಿದಾಗ ಅವಳ ಮುಖ ಹೇಗಿತ್ತು? ಎಷ್ಟು ತಿಣುಕಿದರೂ ಅಣ್ಣನಿಗೆ ನೆನಪಾಗಲಿಲ್ಲ. ನೋಡಿದ್ದರಲ್ಲವೇ ನೆನಪಾಗುವುದು.

"ಸಹಾಯ ಬೇಕಾದವನು ನಿನ್ನ ಮುಖ ನೋಡ್ತಾನೆ," ಎಂದ ದೊರೆ. "ಮಾತು ಹುಡುಕೋನು ಬೇರೆಲ್ಲೋ ನೋಡ್ತಾನೆ. ಅವನನ್ನ ಬಿಟ್ಟುಬಿಡು. ನನ್ನನ್ನ ಮಾತ್ರ ಬಿಡಬೇಡ ಮತ್ತೆ."

ಅಂದಿನಿಂದ ಅವನಿಗೆ ಹೊಸ ಹುಚ್ಚು. ಜನ ಮಾತಿನ ನಡುವೆ ನಿಂತಾಗ ಎಲ್ಲಿ ನೋಡುತ್ತಾರೆ? ಅಂಗಡಿಯವನು ತಕ್ಕಡಿಯ ಮುಳ್ಳು ನೋಡುತ್ತಾನೆ. ಡಾಕ್ಟರಮ್ಮ ಕಿಟಕಿ ನೋಡುತ್ತಾರೆ. ಹೆಂಡತಿ ಏನನ್ನೂ ನೋಡುವುದಿಲ್ಲ, ಕೈಗೆ ಸಿಕ್ಕಿದ ವಸ್ತುವಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಾಳೆ. ಬೆರಳು ನಿಂತಿತೆಂದರೆ ಮಾತು ಬಂತು ಎಂದೇ ಅರ್ಥ. ಇಂಥ ಸಣ್ಣ ಸಂಗತಿಗಳನ್ನು ಕೂಡಿಸಿಕೊಂಡು ಅವನು ಮಗುವಿನ ಹಾಗೆ ಖುಷಿಪಡುತ್ತಿದ್ದ. ನೋಡುವುದರಲ್ಲಿ ಬಿದ್ದವನಿಗೆ ಸುಮ್ಮನಿರುವುದು ಅಷ್ಟು ಕಷ್ಟವಾಗಲಿಲ್ಲ. ಬಾಯಿಗೆ ಬೀಗ ಹಾಕಿಕೊಳ್ಳಬೇಕು ಎಂದು ಹೊರಟಾಗ ಆಗದ ಕೆಲಸ, ಮುಂದೇನು ಬರುತ್ತದೋ ನೋಡೋಣ ಎಂದಾಗ ತಾನಾಗಿ ಆಯಿತು. ರಕ್ತದೊತ್ತಡ ಇಳಿಯಿತು. ಹೆಂಡತಿಗೆ ಒಂದೊಂದು ದಿನ ನಿಜವಾದ ನಿದ್ದೆ ಬರತೊಡಗಿತು. ರಜೆಯಲ್ಲಿ ನೀರಿನ ಬದಿಯ ಊರಿಗೆ ಹೋಗಿಬಂದರು. ಅಕ್ಕ ಮುನಿಸಿಕೊಂಡಳು, ಪ್ರಪಂಚ ಮುಳುಗಲಿಲ್ಲ.

ಊರಿನಿಂದ ಬಂದ ಮೇಲೆ ಹೆಂಡತಿ, "ಭಾನುವಾರ ಮಗಳ ಹತ್ರ ಹೋಗೋಣ್ವಾ?" ಎಂದಳು. ಅಣ್ಣ ಶುಭ್ರವಾದ ಅಂಗಿ ಹಾಕಿಕೊಂಡು ಹೊರಟ. ಆದರೆ ಬಸ್ಸು ಅವನಿಗೆ ಗೊತ್ತಿದ್ದ ಬಡಾವಣೆಗೆ ಹೋಗಲಿಲ್ಲ. ಲಾಂಡ್ರಿಯೊಂದರ ಹಿಂದಿನ ಕಟ್ಟಡ, ಕಡಿದಾದ ಮೆಟ್ಟಿಲು, ಮೇಲಿನ ಮಹಡಿಯವರೆಗೂ ಇಸ್ತ್ರಿಯ ಹಬೆಯ ವಾಸನೆ. ಬಾಗಿಲಿನ ಹತ್ತಿರ ಒಂದೇ ಜೊತೆ ಚಪ್ಪಲಿ. ಒಳಗೆ ಒಂದೇ ಮಂಚ, ಸ್ನಾನದ ಮನೆಯ ಗೂಟಕ್ಕೆ ಒಂದೇ ಟವೆಲು.

ಅಣ್ಣನಿಗೆ ತಿಳಿದುಹೋಯಿತು. ರಂಗದ ಹೊರಗೆ ಜನ್ಮಾವಧಿ ತಪ್ಪು ತಪ್ಪಾಗಿ ಎತ್ತಿಕೊಟ್ಟವನಿಗೆ ಈ ಸಲ ಸರಿಯಾದ ಸಾಲು, ಅಕ್ಷರ ತಪ್ಪದೆ, ನಾಲಿಗೆಯ ಮೇಲೆ ಬಂದು ಕೂತಿತ್ತು. ಹೆಂಡತಿ ಅವನನ್ನೇ ನೋಡುತ್ತಿದ್ದಳು. ಮಗಳೂ ನೋಡುತ್ತಿದ್ದಳು, ಮೈಯೆಲ್ಲ ಬಿಗಿ ಮಾಡಿಕೊಂಡು. ಅಣ್ಣ ಕೋಣೆಯ ಸುತ್ತ ಕಣ್ಣಾಡಿಸಿ, ಬೆಳಕು ಚೆನ್ನಾಗಿದೆ ಎಂದ. ಬೆಳಿಗ್ಗೆ ಈ ಕಿಟಕಿಯಲ್ಲಿ ಬಿಸಿಲು ಬರುತ್ತದೋ, ಆ ಕಿಟಕಿಯಲ್ಲೋ ಎಂದು ಕೇಳಿದ. ಅಷ್ಟೇ.

ಅವತ್ತು ಅವಳು ಹೇಳಲಿಲ್ಲ. ಮುಂದಿನ ವಾರವೂ ಹೇಳಲಿಲ್ಲ. ಅಣ್ಣ ಬೆಳಗಿನ ನಡಿಗೆಯ ದಾರಿಯನ್ನೇ ಬದಲಿಸಿಕೊಂಡು, ಅವಳು ಕಚೇರಿಗೆ ಹೊರಡುವ ಮೊದಲು ಆಗಾಗ ಹೋಗಿಬರತೊಡಗಿದ. ಮಗಳು ಅವನನ್ನು ಪರೀಕ್ಷೆ ಮಾಡಿದಳು ಎಂದೇ ಹೇಳಬೇಕು. ಯಾವುದೋ ಚಿಲ್ಲರೆ ಮಾತು ಶುರುಮಾಡಿ, ಬೇಕೆಂದೇ ನಿಲ್ಲಿಸಿ, ಓರೆಗಣ್ಣಿನಿಂದ ನೋಡುವಳು. ಅಣ್ಣ ಉಸಿರು ಎಳೆಯುವನು. ಕೆಲವು 'ಪರೀಕ್ಷೆ'ಗಳಲ್ಲಿ ನಪಾಸೂ ಆದ. ಒಮ್ಮೆ ಗ್ಯಾಸಿನ ಒಲೆ ಸರಿಯಿಲ್ಲ ಎನ್ನುವಷ್ಟರಲ್ಲಿ ರಿಪೇರಿಯವನ ಹೆಸರು, ವಿಳಾಸ, ಸ್ವಭಾವ ಎಲ್ಲ ಹೇಳಿಬಿಟ್ಟು, ಹೇಳಿದ ಮೇಲೆ ಕಿವಿ ಹಿಡಿದುಕೊಂಡ. ಅವಳು ನಕ್ಕಳು. ಆ ಮನೆಯಲ್ಲಿ ಅವನಿಗಾಗಿ ನಕ್ಕದ್ದು ಅದೇ ಮೊದಲು.

ಹೇಳಿದ್ದು ಒಂದು ಸಾಧಾರಣ ಬೆಳಿಗ್ಗೆ, ತಲೆ ಬಾಚಿಕೊಳ್ಳುತ್ತಾ.

"ಅಪ್ಪ, ನಾನು ಆ ಮನೆ ಬಿಟ್ಟು ಬಂದೆ." ಬಾಚಣಿಗೆ ನಿಂತಿತು. ಅವಳು ಕನ್ನಡಿ ನೋಡಲಿಲ್ಲ, ಅಪ್ಪನನ್ನೂ ನೋಡಲಿಲ್ಲ, ನೆಲದ ಮೇಲಿನ ಬಿಸಿಲು ನೋಡುತ್ತಿದ್ದಳು. ಅಣ್ಣ ಕಾದ. "ಜಗಳ ಏನಿಲ್ಲ. ಅವನು ಕೆಟ್ಟವನೂ ಅಲ್ಲ. ಆ ಮನೇಲಿ ನಾನಿದ್ರೂ ಒಂದೇ, ಇಲ್ಲದಿದ್ರೂ ಒಂದೇ ಅನ್ನೋ ಹಾಗಾಗಿತ್ತು." ಮತ್ತೆ ನಿಂತಳು. ಅಣ್ಣನ ಬಾಯಿಯಲ್ಲಿ ಬುದ್ಧಿಮಾತು, ಸಮಾಧಾನ, ಸಿಟ್ಟು ಮೂರೂ ಒಟ್ಟಿಗೆ ನುಗ್ಗಿ ಬಂದವು. ಬಾಗಿಲಿನಲ್ಲಿ ಒಂದಕ್ಕೊಂದು ಸಿಕ್ಕಿಕೊಂಡವು. "ನಿನಗೆ ಹೇಳೋಕೆ ಬಂದಿದ್ದೆ ಒಂದಿನ," ಎಂದಳು ಮಗಳು.

"ಹೂಂ," ಎಂದ ಅಣ್ಣ. ಉಸಿರು ಬಿಟ್ಟ. "ಈಗ ನಾನೇನಾದ್ರೂ ಹೇಳ್ಲಾ, ಕೇಳ್ತಾ ಇರ್ಲಾ?"

"ಕೇಳ್ತಾ ಇರು."

ಕೇಳಿದ. ಅವಳಿಗೆ ಕಚೇರಿಗೆ ಹೊತ್ತಾಯಿತು, ಅವನ ಕಾಲು ಜೋಮು ಹಿಡಿಯಿತು, ಕೇಳುತ್ತಲೇ ಇದ್ದ. ಮೆಟ್ಟಿಲು ಇಳಿಯುವಾಗ ಅವಳು ಒಂದು ಮಾತು ಕೇಳಿದಳು.

"ನಿನಗೆ ಮೊದಲೇ ಗೊತ್ತಾಗಿತ್ತು, ಅಲ್ವಾ?"

"ಊಹೆ ಇತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ? ನಿನ್ನ ಜಾಯಮಾನಕ್ಕೆ?"

"ಊಹೆ ನನ್ನದು," ಎಂದ ಅಣ್ಣ. "ಮಾತು ನಿನ್ನದು."

ಇದನ್ನು ಮಗಳೇ ಹೇಳಿದ್ದು, ಮೊನ್ನೆ, ಎಲ್ಲ ಮುಗಿದ ಮೇಲೆ. ಅವತ್ತಿನಿಂದ ಅವಳಿಗೆ ಅಪ್ಪನ ಹತ್ತಿರ ಹೇಳಬೇಕಾದ ದೊಡ್ಡ ವಿಷಯ ಯಾವುದೂ ಉಳಿಯಲಿಲ್ಲ. ಉಳಿದದ್ದೆಲ್ಲ ಚಿಲ್ಲರೆ. ಆ ಚಿಲ್ಲರೆಗಾಗಿಯೇ ಅವನು ಮೆಟ್ಟಿಲು ಹತ್ತಿ ಬರುತ್ತಿದ್ದ: ಕಚೇರಿಯ ಫ್ಯಾನು, ಹೊಸ ಮೇಲಧಿಕಾರಿಯ ಕೆಮ್ಮು, ಕೆಳಗಿನ ಲಾಂಡ್ರಿಯವರ ಬೆಕ್ಕು. ನಾಟಕಶಾಲೆಗೆ ಬಂದು ನಮಗೂ ಹೇಳುತ್ತಿದ್ದ. ಹೇಳುವಾಗ ಅವಳು ಎಲ್ಲೆಲ್ಲಿ ನಿಂತಳೋ ಅಲ್ಲಲ್ಲೇ ತಾನೂ ನಿಲ್ಲುತ್ತಿದ್ದ. ದೊರೆ ಎಷ್ಟು ಅವಸರ ಮಾಡಿದರೂ ಬಿಡುತ್ತಿರಲಿಲ್ಲ.

ಹೋದ ವಾರ ಆ ಬೆಳಿಗ್ಗೆಯೂ ಅಡುಗೆಕೋಣೆಯಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದ. ಮೆಟ್ಟಿಲು ಹತ್ತಿ ಸ್ವಲ್ಪ ಸುಸ್ತು ಎಂದಿದ್ದನಂತೆ, ನೀರು ಕುಡಿದಿದ್ದನಂತೆ. ಮಗಳು ಒಲೆಯ ಮೇಲೆ ಹಾಲಿಟ್ಟು, ಹಿಂದಿನ ದಿನ ಕಚೇರಿಗೆ ಬಂದ ಫೋನಿನ ಕಥೆ ಹೇಳುತ್ತಿದ್ದಳು. ಯಾರೋ ಒಬ್ಬರು, ವಯಸ್ಸಾದ ದನಿ, ತಮ್ಮ ಮನೆಯ ನಲ್ಲಿಯಲ್ಲಿ ನೀರು ಬರುತ್ತಿದೆ ಎಂದು ದೂರು ಕೊಟ್ಟರು. ಬಂದರೆ ಒಳ್ಳೆಯದೇ ಅಲ್ಲವೇ ಎಂದು ಇವಳು ಕೇಳಿದಳು. ಒಳ್ಳೆಯದೇ, ಆದರೆ ಈ ಹೊತ್ತಿಗೆ ಬರಬಾರದು, ಇದುವರೆಗೆ ಬಂದದ್ದಿಲ್ಲ, ನನಗೇನೋ ಅನುಮಾನ, ಯಾರನ್ನಾದರೂ ಕಳಿಸಿ ಎಂದರು ಅವರು. ಇವಳು ಒಬ್ಬನನ್ನು ಕಳಿಸಿದಳು.

ಅಷ್ಟು ಹೇಳಿ ಮಗಳು ನಿಂತಳು. ಹಾಲು ಉಕ್ಕುತ್ತಿತ್ತು, ಒಲೆಯ ಕಡೆ ತಿರುಗಿದಳು.

ಅಣ್ಣ ಒಂದು ಉಸಿರು ಎಳೆದುಕೊಂಡು, ಬಿಟ್ಟು, "ಆಮೇಲೆ?" ಎಂದ.